ಭಾವನವರ ತಂಪು ಕೋಣೆ

ನಮ್ಮ ಭಾವ ಜಗಲಿಯಲ್ಲಿ ಕಾಲು ಚಾಚಿ, ಕಣ್ಣು ಅರೆಮುಚ್ಚಿ, ಎದುರಿನ ಬಾಳೆತೋಟದ ಕಡೆ ಮುಖ ಮಾಡಿ ಕೂತಿದ್ದಾರೆ ಎಂದರೆ ಮೈಮುರಿಯುವ ಕೆಲಸ ನಡೆದಿದೆ ಎಂದೇ ತಿಳಿಯಬೇಕು! ಇದು ನನ್ನ ಮಾತಲ್ಲ, ಅವರದೇ. ಕಡ್ಡಿರಾಂಪುರದಲ್ಲಿ ಈ ಮಾತನ್ನು ನಂಬಿದವರು ಇನ್ನೂ ಯಾರೂ ಸಿಕ್ಕಿಲ್ಲ. ನಾನಂತೂ ಹೈಸ್ಕೂಲ್ ಮೇಷ್ಟ್ರಮ್ಮ. ಕಣ್ಣು ಮುಚ್ಚಿಕೊಂಡು 'ಓದ್ತಾ ಇದೀನಿ ಟೀಚರ್' ಎನ್ನುವವರನ್ನು ದಿನಾ ನೋಡುವವಳು.

ಭಾವ ಎಂದರೆ ನಮ್ಮ ಅಕ್ಕನ ಗಂಡ. ಮೊದಲು ತೋರಣಗಲ್ಲಿನ ಕಾರ್ಖಾನೆಯಲ್ಲಿದ್ದರು. ಶಿಫ್ಟು, ಬಸ್ಸು, ಸೈರನ್ನು ಸಾಕಾಗಿ ಅದನ್ನು ಬಿಟ್ಟು ಈಗ ಮನೆಯಲ್ಲೇ ಕೂತು ಒಂದು ಕಂಪೈಲರ್ ನೋಡಿಕೊಳ್ಳುತ್ತಾರೆ. ಹಾಗಂದರೇನು? ನಾನೂ ಕೇಳಿದ್ದೆ. ಕಂಪ್ಯೂಟರಿಗೆ ನಮ್ಮ ಮಾತು ತಿಳಿಯುವುದಿಲ್ಲ, ಅದರ ಮಾತು ನಮಗೆ ತಿಳಿಯುವುದಿಲ್ಲ. ಪ್ರೋಗ್ರಾಮಿಂಗ್ ಭಾಷೆಯಲ್ಲಿ ನಾವು ಬರೆದದ್ದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡಿಕೊಡುವ ದುಭಾಷಿಯೇ ಕಂಪೈಲರ್. ಈ ದುಭಾಷಿಯನ್ನು ತಿದ್ದಲು ಪ್ರಪಂಚದ ಎಲ್ಲ ಮೂಲೆಗಳಿಂದ ಜನ ಬದಲಾವಣೆಗಳನ್ನು ಬರೆದು ಕಳಿಸುತ್ತಾರೆ. ಬಂದದ್ದನ್ನು ಸೇರಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ನಮ್ಮ ಭಾವ! ಸೇರಿಸುವ ಮೊದಲು ಅಳೆಯುತ್ತಾರೆ. ದುಭಾಷಿ ಮೊದಲಿಗಿಂತ ಚುರುಕಾದನೋ, ಮಂಕಾದನೋ? ಅದಕ್ಕೆ ಬೆಂಚ್‌ಮಾರ್ಕ್ ಎನ್ನುತ್ತಾರೆ. ಯಂತ್ರ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುತ್ತಾ ಇರುತ್ತದೆ, ಭಾವ ಬಾಳೆತೋಟ ನೋಡುತ್ತಾ ಇರುತ್ತಾರೆ. ಗಾಳಿ ಬಂದಾಗ ಎಲೆಗಳೆಲ್ಲ ಒಟ್ಟಿಗೆ ಹೊರಳುತ್ತವೆ, ಆಚೆ ಬಂಡೆಗುಡ್ಡದ ಮೇಲೆ ಮೋಡದ ನೆರಳು ನಿಧಾನಕ್ಕೆ ಹತ್ತಿ ಇಳಿಯುತ್ತದೆ. ನಿಜ ಹೇಳಬೇಕೆಂದರೆ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕೂತರೆ ನನಗೂ ಕಣ್ಣು ಎಳೆಯುತ್ತದೆ.

ರಸ್ತೆ ಬದಿಯ ಹೋಟೆಲಿನವನು ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟ. "ಸಾರ್, ತಪ್ಪು ತಿಳೀಬ್ಯಾಡ್ರಿ. ನಿಮ್ದು ಕೆಲ್ಸ ಏನ್ರಿ?"

"ಕಾಯೋದು."

"ಹೊಲಾನ್ರಿ?"

"ಅಲ್ಲ, ಟೆಸ್ಟು. ಓಡಾಕತ್ತೈತಿ."

"ಅದು ಓಡಾಕತ್ತಿದ್ರ ನೀವ್ಯಾಕ್ರಿ ಕುಂತೀರಿ?" ಎಂದನಂತೆ ಪುಣ್ಯಾತ್ಮ!

ಅಳೆಯುವ ಚಟ ಯಂತ್ರಕ್ಕಷ್ಟೇ ನಿಂತಿದ್ದರೆ ಯಾರು ಬೇಡ ಎನ್ನುತ್ತಿದ್ದರು? ಕಂಪ್ಲಿಯಲ್ಲಿ ನೆಂಟರ ಮದುವೆ. ಎರಡು ದಾರಿಗಳಲ್ಲಿ ಯಾವುದು ಬೇಗ ಎಂದು ನೋಡಿಬಿಡೋಣ ಎಂದರು. ನಾನು ನನ್ನ ಸ್ಕೂಟರಿನಲ್ಲಿ ಒಂದು ದಾರಿ, ಅವರು ಅಕ್ಕನ ಸ್ಕೂಟರಿನಲ್ಲಿ ಇನ್ನೊಂದು. ಎರಡೂ ಒಂದೇ ಕಂಪನಿಯ ಗಾಡಿ, ಇಲ್ಲದಿದ್ದರೆ ಅಳತೆ ಕೆಡುತ್ತದಂತೆ! ಅಕ್ಕ ಬುದ್ಧಿವಂತೆ, ಬಸ್ಸು ಹತ್ತಿದಳು. ನಾನು ಕಂಪ್ಲಿ ಮುಟ್ಟಿದೆ, ಅಕ್ಷತೆ ಹಾಕಿದೆ, ಉಂಡೆ, ಎಲೆಅಡಿಕೆ ಹಾಕಿಕೊಂಡೆ, ಭಾವ ಇಲ್ಲ! ಕೊನೆಗೆ ಚಪ್ಪರ ಬಿಚ್ಚುವ ಹೊತ್ತಿಗೆ ಬಂದರು. ಹೊಳೆಯಲ್ಲಿ ಒಂದು ಹರಿಗೋಲು ಸುತ್ತಿ ಸುತ್ತಿ ದಡ ಸೇರುತ್ತಿತ್ತಂತೆ, ನೋಡುತ್ತಾ ನಿಂತುಬಿಟ್ಟರಂತೆ.

"ಈ ಅಳತಿ ಲೆಕ್ಕಕ್ಕಿಲ್ಲ ಬಿಡವಾ," ಎಂದರು ಗಂಭೀರವಾಗಿ. "ನಡುವ ಹೊಳಿ ಬಂತು."

ಅವರ ಶಾಸ್ತ್ರದಲ್ಲಿ ಇನ್ನೊಂದು ಮಹಾಸೂತ್ರವಿದೆ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದು ಹೇಗೆ? ಅಕ್ಕ ಒಂದು ದಿನ ಹೊಸ ಅಕ್ಕಿಯನ್ನೂ ಹೊಸ ಸಾರಿನ ಪುಡಿಯನ್ನೂ ಒಟ್ಟಿಗೇ ಒಲೆಗೇರಿಸಿದಳು. ಭಾವ ತಟ್ಟೆ ಮುಂದೆ ಉಪನ್ಯಾಸ ಶುರು ಮಾಡಿದರು. ಅಕ್ಕ ಸೌಟು ಕೆಳಗಿಟ್ಟು, "ಆಯ್ತ್ರಿ, ನಾಳೆಯಿಂದ ಒಂದೇ ಬದಲಾವಣಿ ಮಾಡೋಣು. ಅಕ್ಕಿ ಅದೇ, ಪುಡಿ ಅದೇ, ಅಡುಗಿ ಮಾಡಾಕಿ ಮಾತ್ರ ಇರಂಗಿಲ್ಲ!" ಎಂದಳು. ಭಾವ ಎರಡನೆಯ ಸಲ ಅನ್ನ ಹಾಕಿಸಿಕೊಂಡರು.

ಅವರ ಹೆಮ್ಮೆಯೆಲ್ಲ ಇದ್ದದ್ದು ಕೆಲಸದ ಕೋಣೆಯ ಮೇಲೆ. ಯಂತ್ರ ಬಿಸಿಯಾದರೆ ಏದುಸಿರು ಬಿಟ್ಟು ನಿಧಾನವಾಗುತ್ತದೆ, ಅಳತೆ ಸುಳ್ಳು ಹೇಳುತ್ತದೆ. ಹೊಸಪೇಟೆ ಸೀಮೆಯ ಬೇಸಿಗೆ ನಿಮಗೆ ಗೊತ್ತೇ ಇದೆ, ಬಂಡೆಯ ಮೇಲೆ ರೊಟ್ಟಿ ಬೇಯಿಸಬಹುದು! ಆದರೆ ಆ ಕೋಣೆ ಮಾತ್ರ ವರ್ಷವಿಡೀ ತಂಪು. "ಕಲ್ಲಿನ ಗ್ವಾಡಿ ನೋಡವಾ, ಹಿಂದಿನೋರ ಕೈಚಳಕ! ಎಸಿ ಯಾಕ ಬೇಕು?" ಎಂದು ಬಂದವರಿಗೆಲ್ಲ ಗೋಡೆ ಮುಟ್ಟಿಸಿ ತೋರಿಸುತ್ತಿದ್ದರು.

ಇಂಥ ಭಾವನವರ ಬಾಗಿಲಿಗೆ ನನ್ನ ಹುಲಿಗೆಮ್ಮನ ಬದಲಾವಣೆ ಬಂತು.

ಹುಲಿಗೆಮ್ಮ ವಡ್ಡು ಎಂಬ ಊರಿನವಳು, ನನ್ನ ಹಳೆಯ ವಿದ್ಯಾರ್ಥಿನಿ. ಹುಟ್ಟಿನಿಂದ ಕಣ್ಣಿಲ್ಲ, ಆದರೆ ಜಾಣೆ. ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಸಾಧನ ಇಟ್ಟುಕೊಂಡು ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಭಾವನ ಕಂಪೈಲರ್ ಓದುವ ಭಾಷೆಯ ಬಗ್ಗೆ ಅವಳಿಗೆ ಹೇಳಿದವಳೂ ನಾನೇ. ಈಗ ಒಂದು ಕಂಪನಿ ಅದೇ ಭಾಷೆಯಲ್ಲಿ ಬರೆಯಲು ಅವಳನ್ನು ಮನೆಯಿಂದಲೇ ಕೆಲಸಕ್ಕೆ ತೆಗೆದುಕೊಂಡು ಪರೀಕ್ಷೆಗೆ ಇಟ್ಟಿತ್ತು. ಯಾರ ಸಹಾಯವೂ ಇಲ್ಲದೆ ಮಾಡಿ ತೋರಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಇಲ್ಲ. ತೊಡಕು ಏನೆಂದರೆ, ಬರೆದದ್ದರಲ್ಲಿ ತಪ್ಪಿದ್ದರೆ ಈ ಕಂಪೈಲರ್ ಆ ಜಾಗದ ಕೆಳಗೆ ಗೆರೆ ಎಳೆದು ಬಾಣ ಹಾಕಿ ತೋರಿಸುತ್ತದೆ. ಕಣ್ಣಿದ್ದವರಿಗೆ ಸರಿ. ಅವಳ ಕಿವಿಗೆ ಕೇಳುವುದು 'ಗೆರೆ, ಗೆರೆ, ಗೆರೆ, ಬಾಣ'! ಅವಳ ಅವ್ವ ಹೊಲದ ಕೆಲಸ ಮುಗಿಸಿ ಬಂದು ನೋಡಿ, ಬೆರಳು ಹಿಡಿದು ಜಾಗ ತೋರಿಸುವವರೆಗೂ ಸುಮ್ಮನೆ ಕೂತಿರಬೇಕು.

ಹುಡುಗಿ ಅಳುತ್ತಾ ಕೂರಲಿಲ್ಲ. ಕಂಪೈಲರನ್ನೇ ತಿದ್ದಿ ಕಳಿಸಿದಳು. ತಪ್ಪು ಯಾವ ಸಾಲು, ಎಷ್ಟನೆಯ ಪದ ಎಂದು ಮಾತಿನಲ್ಲೇ ಹೇಳುವಂತೆ! ಭಾವ ಅಳೆದರು. ಅದು ಪ್ರತಿ ಪದದ ಜಾಗವನ್ನೂ ನೆನಪಿಟ್ಟುಕೊಳ್ಳಬೇಕಾದ್ದರಿಂದ ದುಭಾಷಿ ಮಂಕಾಗಿದ್ದಾನೆ, ಸೇರಿಸಲಾಗದು ಎಂದು ಬರೆದರು. ಅವಳು ತಿದ್ದಿ ಮತ್ತೆ ಕಳಿಸಿದಳು. ಮತ್ತೆ ನಿಧಾನ ಎಂದರು. ಕಂಪೈಲರಿನ ಹೊಸ ಆವೃತ್ತಿ ಹೊರಡುವ ದಿನ ಹತ್ತಿರ ಬಂತು. ಅದರೊಳಗೆ ಸೇರದಿದ್ದರೆ ಅವಳ ಪರೀಕ್ಷೆಯ ಅವಧಿ ಮುಗಿದೇ ಹೋಗುತ್ತದೆ.

"ನಾನು ಭಾವನಿಗೆ ಒಂದು ಮಾತು ಹೇಳ್ತೀನಿ," ಎಂದೆ ಫೋನಿನಲ್ಲಿ.

"ಬ್ಯಾಡ್ರಿ ಟೀಚರ್! ಅಯ್ಯೋ ಪಾಪ ಅಂತ ಸೇರಿಸಿದ್ರ ನಾಳೆ ಇನ್ಯಾರೋ ತೆಗೀತಾರ. ತಪ್ಪಾಗೈತಿ ಅಂತ ಹೇಳೋರು ನಂಗ ಭಾಳ ಮಂದಿ ಅದಾರ್ರಿ. ಎಲ್ಲಿ ಅಂತ ಹೇಳಿದ್ರ ಸಾಕು, ನಾನೇ ತಿದ್ಕೊಂತೀನಿ."

ನನ್ನ ಬಾಯಲ್ಲಿ ಎಳ್ಳು ನೆನೆಯುತ್ತದೆಯೇ? ಅಂದೇ ಊಟದ ಕ್ಯಾರಿಯರ್ ಹಿಡಿದು ಭಾವನ ಮನೆಗೆ ಹೋದೆ. ನಮ್ಮ ಅವ್ವನ ಮೊಣಕಾಲು ನೋವಿಗೆಂದು ಅಕ್ಕ ಕೆಲವು ವಾರಗಳ ಹಿಂದೆಯೇ ಸಂಡೂರಿನ ತವರಿಗೆ ಹೋಗಿದ್ದಳು. ಭಾವನ ಊಟ ನನ್ನ ಪಾಲಿಗಿತ್ತು. ಡಬ್ಬಿ ಕುಕ್ಕಿ ಇಟ್ಟು ಎಲ್ಲವನ್ನೂ ಹೇಳಿದೆ. "ಕಲ್ಲು ಗೋಡೆ ನೋಡಿ ನೋಡಿ ನಿಮ್ಮ ಮನಸ್ಸೂ ಕಲ್ಲಾಗ್ಯಾದ!" ಎಂದೂ ಸೇರಿಸಿದೆ.

ಗುಡ್ಡ ನೋಡುತ್ತಿದ್ದ ಭಾವ ಎದ್ದು ನಿಂತರು. "ಇನ್ನೊಮ್ಮೆ ಅಳೀತೀನಿ," ಎಂದರು. ಅಳೆದರು. ಮತ್ತೂ ನಿಧಾನ! ಅವರ ಮುಖ ನೋಡಲಾಗಲಿಲ್ಲ. "ನಂಗೂ ಸೇರ್ಸಬೇಕು ಅಂತ ಆಸಿ ಐತವಾ. ಇದನ್ನ ಸಾವಿರಾರು ಮಂದಿ ನಂಬ್ಯಾರ. ಸುಳ್ಳು ಹೆಂಗ ಬರೀಲಿ?" ಡಬ್ಬಿ ಮುಟ್ಟಲಿಲ್ಲ. ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಮರುದಿನ ಅಕ್ಕ ಸಂಡೂರಿನಿಂದ ಬಂದಳು. ಚೀಲ ಇಳಿಸಿ ಹಿತ್ತಲಿಗೆ ಹೋದವಳು ಅಲ್ಲಿಂದಲೇ ಕೂಗಿದಳು. "ಏನ್ರೀ! ಕಿಟಕಿ ಮ್ಯಾಲಿನ ಗೋಣಿಚೀಲ ಹಪ್ಪಳ ಆಗ್ಯಾದಲ್ರೀ! ಒಂದು ಕೊಡ ನೀರು ಹಾಕಾಕ ಕೈ ಬರ್ಲಿಲ್ಲೇನ್ರಿ?"

"ಯಾವ ಗೋಣಿಚೀಲ?" ಎಂದರು ಭಾವ.

ಇದ್ದದ್ದು ಇಷ್ಟೇ! ಆ ಕೋಣೆಯ ಹಿಂದಿನ ಕಿಟಕಿಗೆ ಅಕ್ಕ ಹಿತ್ತಲ ಕಡೆಯಿಂದ ಗೋಣಿಚೀಲ ಕಟ್ಟಿ, ಪಾತ್ರೆ ತೊಳೆಯಲು ಹೋದಾಗೆಲ್ಲ ನೀರು ಎರಚುತ್ತಿದ್ದಳು. ವರ್ಷಗಟ್ಟಲೆ! ಹಿತ್ತಲಿಗೆ ಕಾಲಿಡದ ಮಹಾಶಯರು ತಂಪನ್ನೆಲ್ಲ ಹಿಂದಿನವರ ಕೈಚಳಕಕ್ಕೆ ಬರೆದಿದ್ದರು. ಹಳೆಯ ಕಂಪೈಲರನ್ನು ಅಳೆದದ್ದು ಅಕ್ಕ ಮನೆಯಲ್ಲಿದ್ದಾಗ, ಹುಲಿಗೆಮ್ಮನದನ್ನು ಅಳೆದದ್ದೆಲ್ಲ ಅಕ್ಕ ಹೋದ ಮೇಲೆ. ಕೋಣೆ ಬದಲಾಗುವುದೇ ಇಲ್ಲ ಎಂಬ ನಂಬಿಕೆಯಲ್ಲಿ ಹಳೆಯದನ್ನು ಮತ್ತೆ ಅಳೆಯಲೇ ಇಲ್ಲ. ಒಂದೇ ಬದಲಾವಣೆ ಎಂದು ಊರಿಗೆಲ್ಲ ಸಾರಿದವರ ಮನೆಯಲ್ಲಿ ಎರಡು ಬದಲಾಗಿದ್ದವು, ಹುಡುಗಿಯ ಬರಹ ಮತ್ತು ಹೆಂಡತಿಯ ಊರು!

ಭಾವ ಓಡಿದರು. ಆ ದೇಹ ಓಡಿದ್ದನ್ನು ನಾನು ಕಂಡದ್ದು ಅದೇ ಮೊದಲು! ತಾವೇ ಕೊಡ ಹೊತ್ತು ಚೀಲ ನೆನೆಸಿದರು. ಕೋಣೆ ತಣ್ಣಗಾಗುವವರೆಗೂ ಕಾದು ಹಳೆಯದನ್ನು, ಹೊಸದನ್ನು, ಮತ್ತೆ ಹಳೆಯದನ್ನು, ಮತ್ತೆ ಹೊಸದನ್ನು ಅಳೆದರು. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಪಾಪದ ಹುಡುಗಿ ಇಷ್ಟು ದಿನ ಹೊತ್ತದ್ದು ನಮ್ಮ ಊರಿನ ಬಿಸಿಲನ್ನು! ತಪ್ಪು ತಮ್ಮದೆಂದು ಎಲ್ಲರಿಗೂ ಕಾಣುವಂತೆ ಬರೆದು ಭಾವ ಅದನ್ನು ಸೇರಿಸಿದರು. ಕಾರಣದ ಜಾಗದಲ್ಲಿ ಗೋಣಿಚೀಲವನ್ನೂ ಬರೆದರಂತೆ. ಹೊರದೇಶದವರು ಏನೆಂದು ತಿಳಿದರೋ ದೇವರೇ ಬಲ್ಲ.

ಹೊಸ ಆವೃತ್ತಿ ಹೊರಟ ಮೇಲೆ ಭಾವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಮೂವರೂ ವಡ್ಡಿಗೆ, ಅವಳ ಮನೆಗೆ ಹೋದೆವು. ಹುಲಿಗೆಮ್ಮ ನಮ್ಮೆದುರಿಗೇ ಏನೋ ಬರೆದು ಓಡಿಸಿದಳು. ಯಂತ್ರ ತನ್ನ ಇಂಗ್ಲಿಷಿನಲ್ಲಿ ಹೇಳಿತು: ಮೂರನೆಯ ಸಾಲು, ಐದನೆಯ ಪದ, ತೆರೆದ ಆವರಣ ಚಿಹ್ನೆ ಮುಚ್ಚಿಲ್ಲ. ತಪ್ಪಿನ ಸದ್ದು ಕೇಳಿದ್ದೇ ಅವಳ ಅವ್ವ ಅಭ್ಯಾಸದಂತೆ ಒಳಗಿನಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. ಮಗಳ ಬೆರಳು ಹಿಡಿದು ಪರದೆಯ ಮೇಲೆ ಬಾಣವಿದ್ದಲ್ಲಿ ಇಡಲು ಕೈ ಚಾಚಿದಳು. ಅಷ್ಟರಲ್ಲಿ ಮಗಳು ತಿದ್ದಿ ಮುಗಿಸಿದ್ದಳು.

ಆ ತಾಯಿಯ ಕೈ ಹಾಗೇ ಗಾಳಿಯಲ್ಲಿ ನಿಂತಿತು. "ಹಂಗಾರ ನಾ ಬ್ಯಾಡೇನು ಇನ್ನ?" ಎಂದಳು, ನಗಲೋ ಅಳಲೋ ತಿಳಿಯದೆ.

ಭಾವ ತಾವು ಕೂತಿದ್ದ ಕುರ್ಚಿಯಿಂದ ಎದ್ದು, ಅದನ್ನು ಹುಲಿಗೆಮ್ಮನ ಪಕ್ಕಕ್ಕೆ ಎಳೆದರು. "ಕುಂದ್ರಿ ಯಮ್ಮಾ," ಎಂದರು. "ಯಂತ್ರಕ್ಕ ಬ್ಯಾಡ ನೀವು. ಆಕಿಗೆ ಬೇಕು."

ಹುಲಿಗೆಮ್ಮ ಕೈ ಚಾಚಿ ಅವ್ವನ ಕೈ ಹುಡುಕಿ ಹಿಡಿದುಕೊಂಡಳು. ಭಾವ ಹೊರಗೆ ಕಟ್ಟೆಯ ಮೇಲೆ ಹೋಗಿ ಕೂತರು, ನಮ್ಮ ಕಡೆ ಬೆನ್ನು ಮಾಡಿ. ಅಕ್ಕ ಸದ್ದಿಲ್ಲದೆ ಹೋಗಿ ಪಕ್ಕದಲ್ಲಿ ಕೂತು ತನ್ನ ಸೆರಗಿನ ತುದಿ ಅವರ ಕೈಗೆ ಕೊಟ್ಟಳು.