ಲಗೇಜಣ್ಣನ ತೂಕ

ಆ ಬೆಳಿಗ್ಗೆ ಲಗೇಜಣ್ಣ ಬ್ರೆಡ್ಡಿಗೆ ಬೆಣ್ಣೆ ಬೇಡ ಎಂದದ್ದೇ ಆ ದಿನದ ಅನಾಹುತಕ್ಕೆಲ್ಲ ಮುನ್ನುಡಿಯಾಯಿತು. ಬೆಣ್ಣೆ ಸವರುತ್ತಿದ್ದ ಹೆಂಡತಿಯ ಕೈ ಗಾಳಿಯಲ್ಲೇ ನಿಂತಿತು. ಮದುವೆಯಾದಂದಿನಿಂದ ತಿಂಡಿಯ ವಿಷಯದಲ್ಲಿ ಈ ಮನುಷ್ಯನ ಬಾಯಿಂದ "ಬೇಡ" ಎಂಬ ಮಾತು ಹೊರಬಿದ್ದದ್ದನ್ನು ಆಕೆ ಕೇಳಿರಲಿಲ್ಲ.

"ಯಾಕ್ರೀ, ಜ್ವರಾನಾ?" ಎಂದು ಹಣೆ ಮುಟ್ಟಿ ನೋಡಿದಳು.

"ಜ್ವರ ಅಲ್ಲ ಕಣೇ, ಜ್ಞಾನ. ಇವತ್ತಿಂದ ನಾನು ಹಗುರ ಆಗೋನು."

ಜ್ಞಾನ ಸುಮ್ಮನೆ ಬಂದದ್ದಲ್ಲ. ಹಿಂದಿನ ಸಂಜೆ ಡಾಕ್ಟರು ಅವನನ್ನು ಕೂರಿಸಿಕೊಂಡು ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಸಕ್ಕರೆ ಕಾಯಿಲೆ ಹೊಸಿಲ ತನಕ ಬಂದು ನಿಂತಿದೆ. ಕೊಬ್ಬು ಎದ್ದು ಹೋಗುವ ಮಾತೇ ಎತ್ತದ ನೆಂಟನ ಹಾಗೆ ಯಕೃತ್ತಿನಲ್ಲಿ ಬೀಡು ಬಿಟ್ಟಿದೆ. ಮಂಡಿಗಳಂತೂ ಹಳೆಯ ಬಸ್ಸಿನ ಬಾಗಿಲಿನ ಹಾಗೆ ಕಿರ್‌ಗುಟ್ಟುತ್ತಿವೆ. ಲಗೇಜಣ್ಣ ಇದಕ್ಕೆಲ್ಲ ಜಗ್ಗುವ ಆಸಾಮಿಯಲ್ಲ. ಆದರೆ ಮನೆಗೆ ಬರುವ ದಾರಿಯಲ್ಲಿ ಹೆಂಡತಿ ಒಂದು ಮಾತು ಹೇಳಿದಳು: "ನೀವು ಗೊರಕೆ ಹೊಡೆದ್ರೆ ನಂಗೆ ನಿದ್ದೆ ಬರಲ್ಲ. ಆದ್ರೆ ನಡೂ ನಡೂ ನಿಮ್ಮ ಗೊರಕೆ, ಉಸಿರು ಎರಡೂ ನಿಂತುಬಿಡುತ್ತಲ್ಲಾ, ಆಗ ನನ್ನ ಜೀವ ಹೋಗಿ ಬರುತ್ತೆ." ಆ ಮಾತು ಮಾತ್ರ ಅವನ ಎದೆಗೆ ನಾಟಿತ್ತು.

ಹೀಗೆ ಒಣ ಬ್ರೆಡ್ಡಿನ ಒಂದೇ ಚೂರು ತಿಂದು, ರಾಜ್ಯ ಗೆದ್ದವನ ಗತ್ತಿನಲ್ಲಿ ಅವನು ಕೆಲಸಕ್ಕೆ ಹೊರಟ.

ಅವನ ಕೆಲಸ ಬಸ್ ಡಿಪೋದಲ್ಲಿ, ಪ್ರಯಾಣಿಕರು ಬಿಟ್ಟುಹೋದ ಸಾಮಾನುಗಳ ವಿಭಾಗದಲ್ಲಿ. ಕಪಾಟಿನ ತುಂಬ ಕೊಡೆಗಳು, ಊಟದ ಡಬ್ಬಿಗಳು, ಒಂಟಿ ಚಪ್ಪಲಿಗಳು, ಯಾರೋ ಮರೆತ ಒಂದು ಜೊತೆ ಕಬ್ಬಿಣದ ಡಂಬಲ್ಸು. ಅವುಗಳ ನಡುವೆ, ಯಾರೂ ಕೇಳಿಕೊಂಡು ಬಾರದ ದೊಡ್ಡ ಪೆಟ್ಟಿಗೆಯ ಹಾಗೆ, ಅವನು. ಲಗೇಜಣ್ಣ ಎಂಬ ಹೆಸರು ಬಿದ್ದದ್ದು ಹಾಗೆ. ಕುರ್ಚಿ ಕಿರ್ ಎಂದರೆ ಸಾಕು, ಟೈಪಿಸ್ಟ್ ಅಕ್ಕ "ಲಗೇಜು ಇಳೀತು" ಎನ್ನುತ್ತಿದ್ದಳು. ಅವನೂ ಎಲ್ಲರ ಜೊತೆ ನಗುತ್ತಿದ್ದ. ಆ ನಗುವಿನಲ್ಲಿ ಅವನ ಪಾಲು ಸ್ವಲ್ಪ ಕಡಿಮೆಯಿರುತ್ತಿತ್ತು, ಅಷ್ಟೆ.

ಆದರೆ ಆ ದಿನ ಅವನು ಒಳಗೆ ಕಾಲಿಟ್ಟಾಗ ಯಾರೂ ನಗಲಿಲ್ಲ. ಎಲ್ಲರೂ ಎದ್ದು ನಿಂತರು. ಖುದ್ದು ಮ್ಯಾನೇಜರರೇ ಬಂದು ಅವನ ಕೈ ಹಿಡಿದು, ತಮ್ಮ ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿದರು.

"ಲಗೇಜಣ್ಣಾ, ಈ ವಿಭಾಗದ ಮಾನ ಇವತ್ತು ನಿನ್ನ ಹೊಟ್ಟೇಲಿದೆ ಕಣಯ್ಯಾ."

ಸಂಗತಿ ಇಷ್ಟು. ಜನರ ಬೊಜ್ಜು ಕರಗಿಸಬೇಕೆಂದು ಸರ್ಕಾರ ಪಣ ತೊಟ್ಟಿತ್ತು. ತಂಪು ಪಾನೀಯಗಳ ಮೇಲೆ ಹೊಸ ತೆರಿಗೆ ಬಿದ್ದಿತ್ತು, ಡಿಪೋದ ಲಿಫ್ಟಿಗೆ ಬೀಗ ಬಿದ್ದಿತ್ತು, ಕ್ಯಾಂಟೀನಿನಲ್ಲಿ ಕರಿದ ಪದಾರ್ಥಗಳ ಪಕ್ಕದಲ್ಲಿ ಕೆಂಪು ಬೋರ್ಡು ಎದ್ದಿತ್ತು. ಅದರ ಬೆನ್ನಿಗೇ ಬಂದದ್ದು "ಹಗುರ ಕಚೇರಿ" ಯೋಜನೆ. ಯಾವ ವಿಭಾಗ ಎಲ್ಲರಿಗಿಂತ ಹೆಚ್ಚು ತೂಕ ಇಳಿಸುತ್ತದೋ ಆ ವಿಭಾಗಕ್ಕೆ ವರ್ಷವಿಡೀ ಶನಿವಾರ ರಜೆ. ಮಧ್ಯಾಹ್ನ ಆರೋಗ್ಯ ಇಲಾಖೆಯ ಡಾಕ್ಟರಮ್ಮ ಜನ ಹತ್ತಿ ನಿಲ್ಲುವ ಮುಳ್ಳಿನ ತಕ್ಕಡಿ ಸಮೇತ ಬರುವವರಿದ್ದರು.

"ಯೋಚನೆ ಮಾಡು," ಎಂದು ಮ್ಯಾನೇಜರರು ಕಣ್ಣು ಹೊಡೆದರು. "ಇವತ್ತು ತೂಕ ಎಷ್ಟು ಜಾಸ್ತಿ ಬರೆಸ್ತೀವೋ, ನಾಳೆಯಿಂದ ಅಷ್ಟು ಇಳಿಸೋಕೆ ಜಾಗ ಸಿಗುತ್ತೆ. ವರ್ಕ್‌ಶಾಪಿನವರೆಲ್ಲ ಸ್ಪ್ಯಾನರಿನ ಹಾಗಿದ್ದಾರೆ, ಅವರೇನು ಇಳಿಸ್ತಾರೆ? ಮೂಳೆ ಇಳಿಸ್ಬೇಕು! ನಮ್ಮ ಹತ್ರ ನೀನಿದ್ದೀಯ."

"ಆದ್ರೆ ಸಾರ್, ನಾನು ಇವತ್ತಿಂದ ತಿನ್ನೋದು ಬಿಟ್ಟಿದ್ದೀನಿ. ಮನೇಲಿ ಮಾತು ಕೊಟ್ಟಿದ್ದೀನಿ."

ಸಾವಿನ ಸುದ್ದಿ ಕೇಳಿದವಳಂತೆ ಟೈಪಿಸ್ಟ್ ಅಕ್ಕ ಎದೆಯ ಮೇಲೆ ಕೈಯಿಟ್ಟುಕೊಂಡಳು. "ಅಯ್ಯೋ ನನ್ನಪ್ಪಾ, ಬಿಡೋಕೆ ಬೇರೆ ದಿನ ಸಿಗ್ಲಿಲ್ವಾ? ನಾಳೆಯಿಂದ ಬಿಡು. ನಾನೇ ನಿನ್ನ ಜೊತೆ ನಿತ್ಯ ವಾಕಿಂಗ್ ಬರ್ತೀನಿ."

"ನಾನೂ ಬರ್ತೀನಿ," ಎಂದರು ಮ್ಯಾನೇಜರರು. "ನಾಳೆಯಿಂದ ನಿನ್ನ ಆರೋಗ್ಯ ನಮ್ಮ ಜವಾಬ್ದಾರಿ. ಇವತ್ತೊಂದಿನ ನಮ್ಮ ಶನಿವಾರ ನಿನ್ನ ಜವಾಬ್ದಾರಿ."

ಲಗೇಜಣ್ಣ ಸುತ್ತಲೂ ನೋಡಿದ. ಇಷ್ಟು ವರ್ಷ ಅವನ ಹೊಟ್ಟೆಯನ್ನು ಕಂಡು ನಗೆಯಾಡಿದ ಕಣ್ಣುಗಳು ಅದೇ ಹೊಟ್ಟೆಯನ್ನು ಈಗ ಭಕ್ತಿಯಿಂದ ನೋಡುತ್ತಿದ್ದವು. ಹಸಿವನ್ನಾದರೂ ತಡೆದುಕೊಳ್ಳಬಹುದು, ಮರ್ಯಾದೆಯನ್ನು ತಡೆದುಕೊಳ್ಳುವುದು ಕಷ್ಟ. ಅವನು ಗಂಟಲು ಸರಿಮಾಡಿಕೊಂಡು ಕೇಳಿದ:

"ಬಾಳೆಹಣ್ಣು ಇದೆಯಾ?"

ಬಾಳೆಹಣ್ಣು ಬಂತು, ಗೊನೆಯೇ ಬಂತು. ಅದರ ಹಿಂದೆ ಕ್ಯಾಂಟೀನ್ ಮಾಮ ಬೆಣ್ಣೆ ಸವರಿದ ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕರಿದ ಆಲೂಗಡ್ಡೆಗಳನ್ನು ತಟ್ಟೆಯಲ್ಲಿ ಹೊತ್ತು ಮೆಟ್ಟಿಲು ಹತ್ತಿ ಬಂದರು. ಕೆಂಪು ಬೋರ್ಡು ಕೆಳಗೇ ಉಳಿಯಿತು. "ತಿನ್ನಪ್ಪಾ, ತಿನ್ನು. ಸರ್ಕಾರದ ಕೆಲಸಕ್ಕೆ ತಾನೆ," ಎಂದು ಅವರು ಪಕ್ಕದಲ್ಲಿ ನಿಂತು ಬಡಿಸಿದರು.

ಲಗೇಜಣ್ಣ ತಿಂದ. ಮೊದಮೊದಲು ಕರ್ತವ್ಯವೆಂದು ತಿಂದ, ಆಮೇಲೆ ಪ್ರೀತಿಯಿಂದ ತಿಂದ, ಕೊನೆಗೆ ಬಿಗಿದ ಬೆಲ್ಟಿನೊಡನೆ ಹಟ ಕಟ್ಟಿ ತಿಂದ. ಇನ್ನಾಗದು ಎಂದು ಕೈಯೆತ್ತಿದಾಗ ಟೈಪಿಸ್ಟ್ ಅಕ್ಕನಿಗೆ ಹೊಳೆಯಿತು: "ನೀರೂ ತೂಕಾನೇ ಅಲ್ವಾ?" ಲೋಟದ ಮೇಲೆ ಲೋಟ ಇಳಿಯಿತು. ಅವನು ಎದ್ದು ನಡೆದರೆ ಒಳಗೆ ಕೆರೆಯ ಅಲೆ ಬಡಿದಂತೆ ಸದ್ದು ಕೇಳುತ್ತಿತ್ತು.

"ಹೊಟ್ಟೆ ತುಂಬ್ತು, ಸರಿ," ಎಂದರು ಮ್ಯಾನೇಜರರು ಕಪಾಟಿನತ್ತ ಕಣ್ಣು ಹಾಯಿಸುತ್ತ. "ಜೇಬು ಖಾಲಿ ಇದೆಯಲ್ಲಾ."

ಯಾರೋ ಬಿಟ್ಟುಹೋಗಿದ್ದ ಉಣ್ಣೆಯ ಓವರ್‌ಕೋಟು ಹೊರಬಂತು. ಅದರ ಒಂದೊಂದು ಜೇಬಿಗೆ ಒಂದೊಂದು ಡಂಬಲ್ಸು, ಒಳಜೇಬಿಗೆ ಬೀಗದಕೈಗಳ ಗೊಂಚಲು. ಕೋಟು ತೊಟ್ಟು ನಿಂತ ಲಗೇಜಣ್ಣ, ಟಾಪಿನ ಮೇಲೂ ಸಾಮಾನು ಹೇರಿಕೊಂಡ ಬಸ್ಸಿನಂತೆ ಕಂಡ. ಬೆವರು ಧಾರಾಕಾರ ಸುರಿಯುತ್ತಿತ್ತು.

"ಬೆವರಬೇಡ್ವೋ ಮಾರಾಯ!" ಎಂದು ಟೈಪಿಸ್ಟ್ ಅಕ್ಕ ಫೈಲಿನಿಂದ ಗಾಳಿ ಬೀಸಿದಳು. "ತೂಕ ಸೋರಿಹೋಗ್ತಿದೆ!"

ಮಧ್ಯಾಹ್ನ ಡಿಪೋದ ಅಂಗಳದಲ್ಲಿ ತಕ್ಕಡಿ ಹೂಡಿದ್ದರು. ಲಗೇಜಣ್ಣನನ್ನು ಎಡಬಲ ಹಿಡಿದುಕೊಂಡು ವಿಭಾಗವೆಲ್ಲ ಇಳಿದು ಬಂದಾಗ ಅಲ್ಲೊಂದು ವಿಚಿತ್ರ ಕಾಣಿಸಿತು. ವರ್ಕ್‌ಶಾಪಿನವರು ಅಂಗಳದ ಸುತ್ತ ಏದುಸಿರು ಬಿಡುತ್ತ ಓಡುತ್ತಿದ್ದರು. ಬೆಳಗಿನಿಂದ ಒಬ್ಬರೂ ಊಟ ಮುಟ್ಟಿಲ್ಲವಂತೆ. ಅವರ ಫೋರ್‌ಮನ್ ಬೂಟು ಕಳಚಿ, ಕೈಗಡಿಯಾರ ಕಳಚಿ, ಜೇಬಿನಲ್ಲಿದ್ದ ಬಾಚಣಿಗೆಯನ್ನೂ ತೆಗೆದಿಟ್ಟು ತಕ್ಕಡಿ ಹತ್ತಿದ.

"ನೋಡ್ರೋ, ಪೆದ್ದರನ್ನ!" ಎಂದು ಮ್ಯಾನೇಜರರು ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ನಕ್ಕರು. "ಮೊದಲನೇ ದಿನಾನೇ ತೂಕ ಕಮ್ಮಿ ತೋರಿಸ್ತಿದ್ದಾರೆ! ಶನಿವಾರ ನಮ್ಮದೇ."

ಲಗೇಜಣ್ಣನ ಸರದಿ ಬಂತು. ಡಾಕ್ಟರಮ್ಮ ತಲೆಯೆತ್ತಿ ಅವನನ್ನೂ ಕೋಟನ್ನೂ ನೋಡಿದರು. "ಇಷ್ಟು ಸೆಖೇಲಿ ಕೋಟು ಯಾಕೆ?"

"ಚಳಿ ಮೇಡಂ," ಎಂದ ಲಗೇಜಣ್ಣ. ಅವನ ಮೂಗಿನ ತುದಿಯಿಂದ ಬೆವರಿನ ಹನಿ ಟಪ್ಪೆಂದು ತಕ್ಕಡಿಗೆ ಬಿತ್ತು.

ಮುಳ್ಳು ಬೆಚ್ಚಿಬಿದ್ದಂತೆ ತಿರುಗಿ, ನೂರನ್ನು ದಾಟಿ, ಇನ್ನೂ ಬಹುದೂರ ಓಡಿ ನಿಂತಿತು. ಡಾಕ್ಟರಮ್ಮ ಅಂಕಿ ಕೂಗಿದ್ದೇ ತಡ, ಸಾಮಾನು ವಿಭಾಗ ಚಪ್ಪಾಳೆಯಿಂದ ಅಂಗಳ ನಡುಗಿಸಿತು. ಯಾರೋ ಶಿಳ್ಳೆ ಹೊಡೆದರು. ಲಗೇಜಣ್ಣ ತಕ್ಕಡಿಯ ಮೇಲೆಯೇ ನಿಂತು ಕೈ ಬೀಸಿದ. ಜೀವನದಲ್ಲಿ ಅವನಿಗೆ ಬಿದ್ದ ಮೊದಲ ಚಪ್ಪಾಳೆ ಅದು.

ಡಾಕ್ಟರಮ್ಮನ ಹುಬ್ಬು ಗಂಟಿಕ್ಕಿತು. "ಚಪ್ಪಾಳೆ ಯಾಕ್ರೀ?"

"ಖುಷಿ ಮೇಡಂ!" ಎಂದರು ಮ್ಯಾನೇಜರರು. "ಇಷ್ಟು ತೂಕ ಇದ್ರೆ ಮುಂದಿನ ತೂಕದ ದಿನಕ್ಕೆ ಎಷ್ಟು ಇಳಿಸ್ಬೋದು, ನೀವೇ ಹೇಳಿ."

"ಮುಂದಿನ ತೂಕ ಯಾವುದ್ರೀ? ಇವತ್ತಿನ ತೂಕಾನೇ ಕೊನೇದು. ಹೋದ ಸಲ ರಕ್ತ ಪರೀಕ್ಷೆಗೆ ಬಂದಿದ್ವಲ್ಲಾ, ಅವತ್ತೇ ಎಲ್ಲರನ್ನೂ ತೂಗಿ ಮೊದಲ ತೂಕ ಬರ್ಕೊಂಡಾಯ್ತು. ಮೊದಲೇ ಹೇಳಿದ್ರೆ ಜನ ಜೇಬಿಗೆ ಕಲ್ಲು ತುಂಬ್ಕೊಂಡು ಬರ್ತಾರೆ ಅಂತ ಆಗ ಏನೂ ಹೇಳಿರ್ಲಿಲ್ಲ. ವರ್ಕ್‌ಶಾಪ್ ಫೋರ್‌ಮನ್ ಫೋನ್ ಮಾಡಿ ಕೇಳ್ಕೊಂಡ್ರು. ನೀವು ಕೇಳ್ಲಿಲ್ವಾ?"

ಮ್ಯಾನೇಜರರ ಬಾಯಿ ಡಿಪೋದ ಗೇಟಿನ ಹಾಗೆ ತೆರೆದೇ ಉಳಿಯಿತು.

ಲಗೇಜಣ್ಣ ಗಾಬರಿಯಾಗಿ ಕೋಟು ಕಿತ್ತೆಸೆದ. ಡಂಬಲ್ಸುಗಳು ಧಡ್ ಧಡ್ ಎಂದು ನೆಲಕ್ಕೆ ಬಿದ್ದವು. "ಮೇಡಂ, ಇದೆಲ್ಲ ನಂದಲ್ಲ! ಇನ್ನೊಂದ್ಸಲ ತೂಗಿ!"

ಡಾಕ್ಟರಮ್ಮ ತೂಗಿದರು. ಹೊರಗಿನ ಭಾರ ಇಳಿದಿತ್ತು. ಆದರೆ ಬಾಳೆಯ ಗೊನೆ, ಬ್ರೆಡ್ಡು, ಬೆಣ್ಣೆ, ಮೊಟ್ಟೆ, ಆಲೂಗಡ್ಡೆ, ಲೋಟ ಲೋಟ ನೀರು ಎಲ್ಲವೂ ಒಳಗೆ ಭದ್ರವಾಗಿದ್ದವು. ಇಡೀ ಡಿಪೋದಲ್ಲಿ ಇಳಿಯುವ ಬದಲು ಏರಿದ್ದು ಒಂದೇ ವಿಭಾಗ.

"ಅಷ್ಟೊಂದು ತಿನ್ನು ಅಂತ ಯಾರಯ್ಯಾ ಹೇಳಿದ್ದು ನಿಂಗೆ?" ಎಂದು ಮ್ಯಾನೇಜರರು ಗುಡುಗಿದರು.

ಲಗೇಜಣ್ಣನಿಗೆ ಆಗ ಎಲ್ಲಿಲ್ಲದ ಧೈರ್ಯ ಬಂತು. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟು, ಒಬ್ಬೊಬ್ಬರನ್ನೇ ತೋರಿಸುತ್ತ ಹೇಳಿದ: "ಗೊನೆ ಸಾಹೇಬರದ್ದು, ನೀರು ಅಕ್ಕಂದು, ಬೆಣ್ಣೆ ಮಾಮಂದು. ನಾನು ಮನೆಯಿಂದ ತಂದಿದ್ದು ಒಣ ಬ್ರೆಡ್ಡಿನ ಒಂದು ಚೂರು ಮಾತ್ರ ಮೇಡಂ."

ಡಾಕ್ಟರಮ್ಮ ಮೆಲ್ಲನೆ ತಲೆಯಾಡಿಸಿದರು. "ಇದನ್ನೇ ನಾನು ಊರೂರಿಗೆ ಹೇಳ್ಕೊಂಡು ತಿರುಗ್ತಿರೋದು. ಬೊಜ್ಜು ಅಂದ್ರೆ ಒಬ್ಬನ ನಾಲಿಗೆ ತಪ್ಪು ಅಂತ ಎಲ್ಲಾ ಬೈತಾರೆ. ಕೂರೋ ಕುರ್ಚಿ, ಕ್ಯಾಂಟೀನು, ಸುತ್ತ ಇರೋ ಜನ, ಎಲ್ಲಾ ಸೇರಿ ಒಬ್ಬನ್ನ ದಪ್ಪ ಮಾಡೋದು. ಅದಕ್ಕೇ ಯೋಜನೇಲಿ ಇನ್ನೊಂದು ನಿಯಮ ಇದೆ. ತೂಕ ಏರಿದ ವಿಭಾಗದವರೆಲ್ಲ ಕೆಲಸ ಮುಗಿದ ಮೇಲೆ ಒಟ್ಟಿಗೆ ನಡೀಬೇಕು, ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ತನಕ. ಶನಿವಾರ ಎರಡು ಸಲ. ಎಲ್ಲರಿಗಿಂತ ನಿಧಾನ ಇರೋರು ಮುಂದೆ, ಅವರನ್ನ ದಾಟಿ ಯಾರೂ ಹೋಗ್ಬಾರ್ದು. ಶುರು ಇವತ್ತಿಂದಲೇ."

ಹೀಗೆ ಆ ಸಂಜೆ, ಏರುರಸ್ತೆಯಲ್ಲಿ ಸಾಮಾನು ವಿಭಾಗದ ಮೆರವಣಿಗೆ ಹೊರಟಿತು. ಮುಂದೆ ಲಗೇಜಣ್ಣ, ಹೊಟ್ಟೆಯೊಳಗೆ ಕೆರೆ ತುಳುಕಿಸುತ್ತ. ಅವನು ಟ್ಯಾಂಕು ಮುಟ್ಟದೆ ಒಬ್ಬರಿಗೂ ಮನೆಯಿಲ್ಲ. ಹತ್ತು ಹೆಜ್ಜೆಗೊಮ್ಮೆ ಅವನು ನಿಂತ, ಹತ್ತು ಹೆಜ್ಜೆಗೊಮ್ಮೆ ಹಿಂದಿನವರು ಗೊಣಗಿದರು. ಕೊನೆಗೆ ತಾಳ್ಮೆ ಕೆಟ್ಟ ಮ್ಯಾನೇಜರರು ಅವನ ಬೆನ್ನಿಗೆ ಎರಡೂ ಕೈ ಕೊಟ್ಟರು. ಮ್ಯಾನೇಜರರ ಬೆನ್ನಿಗೆ ಟೈಪಿಸ್ಟ್ ಅಕ್ಕ, ಅಕ್ಕನ ಹಿಂದೆ ಉಳಿದವರು. "ಐಸಾ!" ಎಂದು ಎಲ್ಲರೂ ಕೂಡಿ ತಳ್ಳತೊಡಗಿದರು.

ಎದುರಿನಿಂದ ಬಂದ ಬಸ್ಸು ನಿಧಾನವಾಯಿತು. ಕಂಡಕ್ಟರು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ:

"ಏನಣ್ಣಾ, ಗಾಡಿ ಕೆಟ್ಟೋಯ್ತಾ?"

"ಗಾಡಿ ಗಟ್ಟಿಯಾಗಿದೆ ಕಣಯ್ಯಾ!" ಎಂದು ಲಗೇಜಣ್ಣ ಸೊಂಟಕ್ಕೆ ಕೈಕೊಟ್ಟು, ಏದುಸಿರಿನ ನಡುವೆಯೇ ಉತ್ತರಿಸಿದ. "ಹಿಂದುಗಡೆ ಲಗೇಜು ಜಾಸ್ತಿ!"