ಪುಟದೊಳಗಿನವರ ಮೇಲೆ ಕಾಕಾರ ಸಿಟ್ಟು

ನಮ್ಮ ಕಾಕಾ ಜೀವಮಾನವಿಡೀ ಜಗಳಾಡಿದ್ದು ಹುಟ್ಟಿಯೇ ಇರದ ಜನರ ಜೊತೆಗೆ! ಇದನ್ನು ಹೊಗಳಿಕೆ ಎಂದು ತಿಳಿಯಬೇಡಿ, ದೂರು ಎಂದೇ ತಿಳಿಯಿರಿ. ಸಿಂದಗಿ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಅವರು ಕನ್ನಡ ಕಲಿಸುತ್ತಾರೆ. ಪಕ್ಕದ ಕೋಣೆಯಲ್ಲಿ ನಾನು ಗಣಿತ ಕಲಿಸುತ್ತೇನೆ, ಅಂದರೆ ಕಲಿಸಲು ಹೆಣಗುತ್ತೇನೆ. ನಡುವೆ ಇರುವುದು ಒಂದು ತೆಳು ಗೋಡೆ. ಅದರ ಆಚೆಯಿಂದ, "ಏ ಬದ್ಮಾಶ್! ಮುದುಕಿ ಮ್ಯಾಲ ಕೈ ಎತ್ತತಿ? ನಾಚಿಕಿ ಬರೂದಿಲ್ಲೇನ್ ನಿನಗ?" ಎಂಬ ಗರ್ಜನೆ ಬಂದರೆ ನನ್ನ ಮಕ್ಕಳು ತ್ರಿಕೋನವನ್ನು ಎರಡೇ ಬಾಹುಗಳ ಮೇಲೆ ನಿಲ್ಲಿಸಿ ಕಿವಿಯನ್ನು ಅತ್ತ ಕೊಟ್ಟುಬಿಡುತ್ತಾರೆ. ಗಣಿತಕ್ಕೆ ಇದಕ್ಕಿಂತ ದೊಡ್ಡ ಅವಮಾನ ಉಂಟೆ?

ಹೊಸ ಹೆಡ್‌ಮಾಸ್ತರರು ಬಂದ ದಿನವೇ ಆ ಗರ್ಜನೆ ಕೇಳಿ ಓಡಿದರು. ಯಾವ ಹುಡುಗನ ಕಿವಿ ಹೋಯಿತೋ ಎಂದು ಬಾಗಿಲು ತಳ್ಳಿದರೆ ಮಕ್ಕಳೆಲ್ಲ ಕೈಕಟ್ಟಿ ಕೂತಿದ್ದಾರೆ!

"ಯಾರಿಗ್ರಿ ಬಯ್ಯಾಕತ್ತಿದ್ರಿ?"

"ಹುಡುಗ್ರಿಗಲ್ರಿ ಸರ. ಇಲ್ಲಿ, ಈ ಪುಟದಾಗ ಒಬ್ಬ ಗೌಡ ಅದಾನ. ಅವಗ."

ಹೆಡ್‌ಮಾಸ್ತರರು ಪುಸ್ತಕವನ್ನೂ ಕಾಕಾರನ್ನೂ ಒಮ್ಮೆ ನೋಡಿ ತಮ್ಮ ಕೋಣೆಗೆ ಹಿಂದಿರುಗಿದರು. ಆಮೇಲೆ ಬಹಳ ದಿನ ಆ ಕಡೆ ಸುಳಿಯಲಿಲ್ಲ.

ಇಷ್ಟು ಸಿಟ್ಟಿನ ಮನುಷ್ಯ ಹೊರಗೆ ಹೇಗಿದ್ದಾರು? ಹುಲಿಯಂತಿದ್ದಾರೆ ಎಂದುಕೊಂಡಿರೋ, ಮೋಸಹೋದಿರಿ! ಬಸವನ ಬಾಗೇವಾಡಿಗೆ ಹೋಗುವ ಬಸ್ಸಿನಲ್ಲಿ ಅವರು ಟವೆಲ್ ಹಾಸಿ ಹಿಡಿದ ಸೀಟಿನ ಮೇಲೆ ಇನ್ನೊಬ್ಬ ಕೂತ. ಅವರದೇ ಟವೆಲಿನಿಂದ ಮುಖವನ್ನೂ ಒರೆಸಿಕೊಂಡ! ಕಾಕಾ ಊರು ಬರುವವರೆಗೂ ನಿಂತೇ ಬಂದರು. ನಿಡಗುಂದಿಯ ಹೋಟೆಲಿನಲ್ಲಿ ಚಹಾದಲ್ಲಿ ನೊಣ ಈಜುತ್ತಿತ್ತು. ನಾನು ಮಾಣಿಯನ್ನು ಕರೆದು ರೇಗಿದರೆ ಕಾಕಾ ನನ್ನ ತೋಳು ಜಗ್ಗಿ, "ಇರ್ಲಿ ಬಿಡೋ ತಮ್ಮಾ. ಅದೂ ಒಂದು ಜೀವ, ಅದಕ್ಕೂ ಚಾ ಬೇಕು" ಎಂದರು. ನೊಣಕ್ಕೆ ನ್ಯಾಯ ಸಿಕ್ಕಿತು, ನಮಗೆ ಸಿಗಲಿಲ್ಲ. ಅವರ ಹೆಂಡತಿ ಕಾಕೂಗಂತೂ ಇದು ಮೈ ಉರಿಯುವ ಸಂಗತಿ. "ಹೊಲದ ಬದುವು ಒತ್ತಿದವಗ ಇರ್ಲಿ ಬಿಡ್ರಿ ಅಂತಾರ, ಕಥಿಯೊಳಗಿನವಗ ಬದ್ಮಾಶ್ ಅಂತಾರ. ಇಂಥಾ ಗಂಡಸನ್ನ ತಗೊಂಡು ಏನ್ ಮಾಡೂದ್ರಿ?" ಎಂದು ಅವರು ನನ್ನನ್ನು ಕೇಳುತ್ತಾರೆ. ಗಣಿತದಲ್ಲಿ ಇದಕ್ಕೆ ಉತ್ತರವಿಲ್ಲ.

ಈಗ ನಮ್ಮ ಶಾಲೆಯ ಇನ್ನೊಂದು ವೈಭವಕ್ಕೆ ಬರುತ್ತೇನೆ. ಹತ್ತನೆಯ ತರಗತಿಯ ಹುಡುಗರಲ್ಲಿ ಎರಡು ಗ್ಯಾಂಗುಗಳಿವೆ. ಒಂದು, ಬಸ್ಸಿನ ಮುಂದಿನ ಬಾಗಿಲಿನಿಂದ ಹತ್ತುವವರದು. ಇನ್ನೊಂದು, ಹಿಂದಿನ ಬಾಗಿಲಿನಿಂದ ಹತ್ತುವವರದು. ಬಾಗಿಲಿಗೂ ವೈರವೇ? ಹೌದು, ಸ್ವಾಮಿ! ಮುಂದಿನವನು ತಪ್ಪಿ ಹಿಂದಿನಿಂದ ಹತ್ತಿದರೆ ಅವನ ಚೀಲ ಕಿಟಕಿಯಿಂದ ಹೊರಗೆ. ಯಾವಾಗ ಶುರುವಾಯಿತೆಂದು ಯಾರಿಗೂ ಗೊತ್ತಿಲ್ಲ. ಅಣ್ಣಂದಿರು ಪಾಸಾಗಿ ಹೋಗುವಾಗ ತಮ್ಮಂದಿರಿಗೆ ಹಳೆಯ ಕಂಪಾಸ್ ಪೆಟ್ಟಿಗೆಯ ಜೊತೆಗೆ ಈ ಹಗೆಯನ್ನೂ ಕೊಟ್ಟು ಹೋಗುತ್ತಾರೆ.

ಇವರನ್ನು ತಿದ್ದಲು ಕಾಕಾ ತಮ್ಮ ಕಪಾಟಿನಿಂದ ಒಂದು ಕಥೆ ತಂದರು. ಎರಡು ಓಣಿಯ ಪುಂಡರು ಒಂದು ಬಾವಿಕಟ್ಟೆಗಾಗಿ ಬಡಿದಾಡುತ್ತಾರೆ. ಕೊನೆಗೆ ಪಂಚರು ಸೇರಿ, ಎರಡೂ ಓಣಿಗೆ ಸೇರದ ಕಮ್ಮಾರರ ಹುಡುಗನೊಬ್ಬನನ್ನು ಊರಿನಿಂದ ಹೊರಗೆ ಹಾಕುತ್ತಾರೆ. ಮುಂದಿನ ಬಾಗಿಲಿನವರು ಒಂದು ಓಣಿಯ ಮಾತು, ಹಿಂದಿನವರು ಇನ್ನೊಂದರ ಮಾತು ಓದಬೇಕು. ಮರುದಿನ ಅದಲುಬದಲು! ನಿನ್ನೆ ತಾನೇ ಗಂಟಲು ಹರಿದು ಬಯ್ದ ಬೈಗುಳವನ್ನು ಇಂದು ಕೂತು ಕೇಳಬೇಕು.

ಕಥೆಯಲ್ಲಿ ಪಂಚರು ಬಂದ ದಿನ ಗೋಡೆ ಅದುರಿತು. "ಮೀಸಿ ಹೊತ್ತ ಹೇಡಿಗಳ್ರಾ! ಕಂಡವರನ್ನ ಒಂದು ಮಾತರ ಕೇಳೀರೇನು?" ನಾನು ಸುಣ್ಣದ ಕಡ್ಡಿ ಕೆಳಗಿಟ್ಟೆ. ಅಷ್ಟರಲ್ಲಿ ಮುಂದಿನ ಬಾಗಿಲಿನ ನಾಯಕ ಬಸುವಿನ ಧ್ವನಿ ಕೇಳಿಸಿತು.

"ಸರ, ನಮ್ಮಪ್ಪ ದಸ್ತಗೀರನ ಬಾಜೂ ಕುಂದ್ರಬ್ಯಾಡ ಅಂತಾನ್ರಿ. ಯಾಕ ಅಂತ ನಾನೂ ಕೇಳಿಲ್ರಿ."

"ನಮ್ಮವ್ವನೂ ಅಂತಾಳ್ರಿ, ಬಸುನ ಕೂಡ ತಿರಗಬ್ಯಾಡ ಅಂತ" ಎಂದಿತು ಇನ್ನೊಂದು ಧ್ವನಿ. ಅದು ದಸ್ತಗೀರ, ಹಿಂದಿನ ಬಾಗಿಲಿನವನು.

"ನಿಮ್ಮವ್ವ ಯಾಕಲೇ?"

"ನೀ ಉಡಾಳ ಅದಿ ಅಂತ."

ತರಗತಿ ಬಿದ್ದು ಬಿದ್ದು ನಕ್ಕಿತು. ಕಾಕಾ ಗೆದ್ದರು ಎಂದುಕೊಂಡೆ. ಮಾಸ್ತರರ ಗೆಲುವು ಗಂಟೆ ಹೊಡೆಯುವವರೆಗೆ ಮಾತ್ರ!

ಅದೇ ವಾರ ಬಸ್‌ಸ್ಟಾಪಿನಲ್ಲಿ ಕಲ್ಲು ತೂರಾಟವಾಯಿತು. ಬಸುವಿನ ಹುಬ್ಬು ಒಡೆದು ರಕ್ತ ಸುರಿಯಿತು. ಮಾರನೆಯ ದಿನ ಶಾಲಾ ಕಮಿಟಿಯ ಹಿರಿಯರು ಮಾಸ್ತರರನ್ನೂ ಕರೆಸಿಕೊಂಡು ಹೆಡ್‌ಮಾಸ್ತರರ ಕೋಣೆಯಲ್ಲಿ ಸೇರಿ, ಚಹಾ ಮುಗಿಯುವ ಮೊದಲೇ ತೀರ್ಪು ಮುಗಿಸಿದರು: ದಸ್ತಗೀರನಿಗೆ ಟಿ.ಸಿ. ಕೊಟ್ಟು ಕಳಿಸುವುದು. ಪರೀಕ್ಷೆ ತಲೆಯ ಮೇಲಿದೆ. ಈಗ ಹೊರಗೆ ಹೋದರೆ ಅವನ ಹತ್ತನೆಯ ತರಗತಿ ಮುಗಿದಂತೆಯೇ. ಹಿಂದಿನ ಬಾಗಿಲಿನಲ್ಲಿ ಬೇರೆ ಹುಡುಗರು ಇರಲಿಲ್ಲವೇ? ಬೇಕಾದಷ್ಟು ಇದ್ದರು. ಹಿರಿಯರ ಕಣ್ಣಿಗೆ ಕಂಡವನು ಅವನೊಬ್ಬನೇ! "ಆ ಓಣಿ ಹುಡುಗ್ರs ಹಂಗ್ರಿ" ಎಂದರು ಒಬ್ಬರು, ಬಿಸ್ಕೀಟು ಅದ್ದುತ್ತ. ಆ ಓಣಿಯವರು ತಲೆತಲಾಂತರದಿಂದ ಇದೇ ಪೇಟೆಯಲ್ಲಿ ಬಳೆ ಮಾರಿದವರು. ಹೀಗೆಂದ ಹಿರಿಯರ ಮಗಳ ಮದುವೆಗೆ ಹಸಿರು ಬಳೆ ತೊಡಿಸಿದ ಕೈ ದಸ್ತಗೀರನ ಅಜ್ಜಿಯದು. ಬಳೆಗೆ ಬೇಕಾದ ಓಣಿ ಬೆಂಚಿಗೆ ಬೇಡವಾಯಿತೇ? ನನಗೆ ಮೈಯೆಲ್ಲ ಉರಿಯಿತು. ಉರಿದುಕೊಂಡು ಸುಮ್ಮನೆ ಕೂತೆ. ನಮ್ಮಂಥವರು ಮಾಡುವುದು ಅದನ್ನೇ.

"ಏನ್ರಿ ಕನ್ನಡ ಮಾಸ್ತರ, ನಿಮ್ಮದೂ ಒಪ್ಪಿಗಿ ಅಲ್ಲೇನು?" ಎಂದರು ಹಿರಿಯರು. ಕಾಕಾ ಏನೆನ್ನುತ್ತಾರೆಂದು ನನಗೆ ಗೊತ್ತಿತ್ತು. ತಲೆ ತಗ್ಗಿಸಿದೆ.

ಟೇಬಲ್ಲಿನ ಮೇಲೆ ಕೈ ಬಡಿದ ಸದ್ದಿಗೆ ಕಪ್ಪು-ಬಸಿಗಳೆಲ್ಲ ಜಿಗಿದವು.

"ಒಪ್ಪಿಗಿ? ಪೆಟ್ಟು ತಿಂದಾಂವ ಹೊರಗ ಕುಂತಾನ. ಅವನ್ನ ಒಂದು ಮಾತರ ಕೇಳೀರೇನ್ ನೀವು? ಓಣಿ ನೋಡಿ ಕಲ್ಲು ಯಾರದು ಅಂತ ಹೇಳ್ತೀರಿ, ನಾಚಿಕಿ ಬರೂದಿಲ್ಲೇನ್ರಿ? ಆ ಹುಡುಗ ಹೋದ್ರ ನಾನೂ ಹೋಗ್ತೇನಿ. ನನಗೂ ಟಿ.ಸಿ. ಕೊಡ್ರಿ!"

ಅಷ್ಟು ಸಿಟ್ಟಿನಲ್ಲೂ ಬಹುವಚನ ಬಿಡಲಿಲ್ಲ ನೋಡಿ! ಎದುರಿಗಿದ್ದವರು ಜೀವಂತ ಮನುಷ್ಯರು.

ಬಸುವನ್ನು ಕರೆಸಿದರು. ತಲೆಗೆ ದಪ್ಪ ಪಟ್ಟಿ, ಒಂದು ಕಣ್ಣು ಪೂರ್ತಿ ಮುಚ್ಚಿತ್ತು.

"ಕಲ್ಲು ನಮ್ಮ ಗ್ಯಾಂಗಿನ ಮಲ್ಲ್ಯಾಂದ್ರಿ. ಗುರಿ ಇಟ್ಟಿದ್ದು ಅವರಿಗೆ, ಹತ್ತಿದ್ದು ನನಗ. ಮೊದ್ಲಿಂದನೂ ಅವನ ಗುರಿ ಹಂಗsರಿ. ದಸ್ತಗೀರನ ಕೈಯಾಗ ಏನೂ ಇದ್ದಿದ್ದಿಲ್ರಿ."

"ಮೊದ್ಲs ಯಾಕ ಹೇಳ್ಲಿಲ್ಲೋ?"

"ಯಾರೂ ಕೇಳ್ಲಿಲ್ಲಲ್ರಿ."

ಹಿರಿಯರು ಗಡಿಯಾರ ನೋಡಿ, ಅರ್ಜೆಂಟು ಕೆಲಸಗಳನ್ನು ನೆನಪಿಸಿಕೊಂಡು ಒಬ್ಬೊಬ್ಬರಾಗಿ ಎದ್ದರು. ಯಾರೂ ಕ್ಷಮೆ ಕೇಳಲಿಲ್ಲ. ಅದನ್ನು ನೆನೆದರೆ ನನಗೆ ಇಂದಿಗೂ ಸಿಟ್ಟು ಬರುತ್ತದೆ.

ಮರುದಿನ ಗೋಡೆಯಾಚೆ ಸದ್ದೇ ಇಲ್ಲ. ಗಾಬರಿಯಾಗಿ ಹೋಗಿ ಇಣುಕಿದೆ. ಕಾಕಾರ ಗಂಟಲು ಕೂತುಬಿಟ್ಟಿತ್ತು. ಮಫ್ಲರ್ ಸುತ್ತಿಕೊಂಡು, ಬಿಸಿನೀರಿನ ಲೋಟ ಹಿಡಿದು ಹಿಂದಿನ ಬೆಂಚಿನಲ್ಲಿ ಹುಡುಗರ ನಡುವೆ ಕೂತಿದ್ದರು. ಇದ್ದ ಒಂದೇ ಪುಸ್ತಕವನ್ನು ಮುಂದಿನ ಬೆಂಚಿನಲ್ಲಿ ಬಸುವೂ ದಸ್ತಗೀರನೂ ನಡುವೆ ಇಟ್ಟುಕೊಂಡಿದ್ದರು. ಒಂದೇ ಕಣ್ಣಿನಲ್ಲಿ ಓದುತ್ತಿದ್ದ ಬಸುವಿಗೆ ಸಾಲು ತಪ್ಪುತ್ತಿತ್ತು. ದಸ್ತಗೀರ ಬೆರಳಿಟ್ಟು ಒಂದೊಂದೇ ಪದದ ಕೆಳಗೆ ಸರಿಸುತ್ತಿದ್ದ. ಕಮ್ಮಾರರ ಹುಡುಗ ಊರು ಬಿಡುವ ಸಾಲು ಬಂದಾಗ ಬಸುವಿನ ಓದು ನಿಂತಿತು.

"ನಾ ಓದ್ಲೇನು?" ಎಂದ ದಸ್ತಗೀರ, ಮೆಲ್ಲಗೆ.

ಬಸು ಅಂಗಿಯ ತೋಳಿನಿಂದ ತೆರೆದಿದ್ದ ಕಣ್ಣನ್ನು ಒರೆಸಿಕೊಂಡ.

"ಬ್ಯಾಡಲೇ. ನೀ ಬೆರಳು ತಗೀಬ್ಯಾಡ. ನಾನs ಓದ್ತೇನಿ."