ಬ್ಯಾಟರಿಗೆ ಒಂದು ದಿನದ ರಜೆ

ತುಂಬಿದ್ದನ್ನು ನೋಡುತ್ತ ಕೂರುವ ಚಪಲ ನಮ್ಮ ವಂಶದಲ್ಲೇ ಇದೆ. ಅಜ್ಜನಿಗೆ ಬಚ್ಚಲಿನ ಹಂಡೆ ತುಂಬಿರಬೇಕಿತ್ತು. ಯಾರಾದರೂ ಎರಡು ಚೊಂಬು ತೆಗೆದರೆ ಆಗಲೇ ಬಾವಿಗೆ ಕೊಡಪಾನ ಇಳಿಯಬೇಕು. ಅಮ್ಮನಿಗೆ ಅಕ್ಕಿ ಡಬ್ಬ. ಅದರ ತಳ ಕಂಡ ದಿನ ಅವಳ ಮುಖ ನೋಡುವಂತಿಲ್ಲ. ನನ್ನ ಪಾಲಿಗೆ ಬಂದದ್ದು ಬ್ಯಾಟರಿ. ಬೀಜಾಡಿಯ ನಮ್ಮ ಮನೆಯ ಮೇಲೆ ಸೋಲಾರ್ ಹಾಕಿಸಿ, ಹಗಲಿನ ಬಿಸಿಲನ್ನು ಹಿಡಿದಿಡಲು ಚಾವಡಿಯಲ್ಲಿ ಕಪಾಟಿನಂಥ ಬ್ಯಾಟರಿಯೊಂದನ್ನು ನಿಲ್ಲಿಸಿ, ಅದರಿಂದಲೇ ಓಡಲಿ ಎಂದು ಕರೆಂಟಿನ ಕಾರನ್ನೂ ತಂದ ಮೇಲೆ ನಾನು ಬೆಳಿಗ್ಗೆ ಎದ್ದು ದೇವರ ಫೋಟೋಕ್ಕಿಂತ ಮೊದಲು ಮೊಬೈಲಿನಲ್ಲಿ ಬ್ಯಾಟರಿಯ ಶೇಕಡಾ ನೋಡುವವನಾದೆ. ತೊಂಬತ್ತೆಂಟು ಎಂದು ಕಂಡರೆ ಕಾಫಿ ರುಚಿಸುತ್ತದೆ. ಆದರೆ ಅದರಲ್ಲಿದ್ದದ್ದನ್ನು ಕಾರಿಗೆ ತುಂಬಿಸಿದರೆ ಆ ಸಂಖ್ಯೆ ಇಳಿಯುತ್ತದಲ್ಲ! ಹೀಗಾಗಿ ನಮ್ಮ ಮನೆಯಲ್ಲಿ ಬ್ಯಾಟರಿಗೆ ಸದಾ ಹಬ್ಬದೂಟ, ಕಾರಿಗೆ ಸದಾ ಏಕಾದಶಿ. "ಹ್ವಾಯ್, ಕಾರ್ ತಕಂಡದ್ ಓಡ್ಸೂಕಾ, ನಿಲ್ಸಿ ಕಾಂಬುಕಾ?" ಎಂದು ಹೆಂಡತಿ ಸರಳಾ ಕೇಳಿದ್ದು ಒಂದೆರಡು ಸಲವಲ್ಲ.

ಸರಳಾಳ ಅಣ್ಣ, ಅಂದರೆ ನನ್ನ ಭಾವ, ಇರುವುದು ಮೂವತ್ತೈದು ಕಿಲೋಮೀಟರ್ ದೂರದ ಬಿಜೂರಿನಲ್ಲಿ. ಗದ್ದೆ, ತೆಂಗಿನ ತೋಟ, ಮತ್ತು ಒಂದು ಡೀಸೆಲ್ ಕಾರು. ಆ ಕಾರು ಅಂಗಳದಲ್ಲಿ ಹೊರಟರೆ ಪಕ್ಕದೂರು ಉಪ್ಪುಂದದವರಿಗೂ ಗೊತ್ತಾಗುತ್ತದೆ. ಸದ್ದಿಲ್ಲದ ನನ್ನ ಕಾರನ್ನು ಕಂಡ ದಿನದಿಂದ ಅವರಿಗೆ ಮಾತಿಗೆ ಬರವಿಲ್ಲ. ಆಯುಧಪೂಜೆಯ ಮಧ್ಯಾಹ್ನ ಊಟಕ್ಕೆ ಬನ್ನಿ ಎಂದು ಫೋನಿನಲ್ಲಿ ಕರೆದವರು, "ಭಾವ, ಕಾರ್ ಬರ್ದಿರೂ ಅಡ್ಡಿಲ್ಲ, ಚಾರ್ಜರ್ ಒಂದ್ ಮರಿಬೇಡಿ ಮರ್ರೆ" ಎಂದು ಸೇರಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು. "ಬಿಸಿಲಿನ ಕರೆಂಟಂಗೇ ಬತ್ತೆ, ಅದ್ರಂಗೇ ಹೋತೆ. ನಿಮ್ಮನೆ ಪ್ಲಗ್ ಮುಟ್ಟುದಿಲ್ಲ" ಎಂದೆ. "ಮುಟ್ಟಿರೆ?" ಎಂದರು. ಬಾಯಿ ನನ್ನ ಮಾತು ಕೇಳುವಷ್ಟರಲ್ಲಿ, "ಮುಟ್ಟಿರೆ ನಿಮ್ಮ ಡೀಸೆಲ್ ಕಾರಿಗೆ ಅಡ್ಡ ಬೀಳ್ತೆ" ಎಂದು ಹೇಳಿಯೂ ಆಗಿತ್ತು. ಆಚೆ ಕಡೆ ಭಾವ ಬಹಳ ಹೊತ್ತು ನಕ್ಕರು.

ಹಬ್ಬದ ಹಿಂದಿನ ಸಂಜೆ ಬ್ಯಾಟರಿಯಲ್ಲಿ ತೊಂಬತ್ತೆಂಟು, ಕಾರಿನಲ್ಲಿ ಹದಿನಾರು. ಆಗಲೇ ಕಾರಿಗೆ ತುಂಬಿಸಬಹುದಿತ್ತು. ಹಬ್ಬದ ಬೆಳಿಗ್ಗೆ ತೊಂಬತ್ತೆಂಟು ಕಾಣುವ ಸುಖ ತಪ್ಪುತ್ತದೆಂದು ಸುಮ್ಮನಾದೆ. ಎದ್ದ ಮೇಲೆ ಮೂರು ಗಂಟೆ ಚಾರ್ಜಿಗೆ ಇಟ್ಟರೆ ಬಿಜೂರಿಗೆ ಹೋಗಿ ಬರಲು ಧಾರಾಳ ಎಂಬುದು ನನ್ನ ಅಂದಾಜು. ಆದರೆ ನಾನು ಮಿಂದು ಬರುವಷ್ಟರಲ್ಲಿ ಎಂಬತ್ತೆರಡು ವರ್ಷದ ಅಮ್ಮ ಪೂಜೆಯನ್ನೇ ಮುಗಿಸಿದ್ದಳು. ದೇವರ ಕೋಣೆಯಲ್ಲಿ ಕತ್ತಿ, ಹಾರೆ, ಪಿಕ್ಕಾಸಿಗಳ ನಡುವೆ, ಬಾಳೆಎಲೆಯ ಮೇಲೆ, ಕುಂಕುಮ ಹಚ್ಚಿಸಿಕೊಂಡು ನನ್ನ ಕಾರಿನ ಚಾರ್ಜರ್ ಸುರುಳಿ ಸುತ್ತಿ ಮಲಗಿತ್ತು. ಚಾವಡಿಯ ಬ್ಯಾಟರಿಯ ಕೊರಳಿಗೆ ಗೊಂಡೆ ಹೂವಿನ ಮಾಲೆ. ಪೂಜೆಗಿಟ್ಟ ಆಯುಧವನ್ನು ಮರುದಿನ ಬೆಳಗಿನವರೆಗೆ ಎತ್ತುವಂತಿಲ್ಲ ಎಂಬುದು ನಮ್ಮ ಮನೆಯ ಕಟ್ಟಳೆ.

"ಅಮ್ಮ, ಕಾರ್ ಚಾರ್ಜ್ ಮಾಡ್ಕ್, ಅದನ್ನ್ ತೆಗಿಲಾ?" ಎಂದು ಮೆಲ್ಲಗೆ ಕೇಳಿದೆ.

"ಇವತ್ತ್ ಅದಕ್ಕೆ ರಜೆ ಮಗಾ. ವರ್ಷಕ್ಕ್ ಒಂದ್ ದಿನ ಕತ್ತಿ ಸೈತ ಕೂಕಂತ್ತ್."

"ಹಂಗಾರೆ ಕಾರ್?"

"ಕಾರ್ ವಾಹನ. ವಾಹನ ಓಡ್ಕ್, ಆಯುಧ ಕೂಕಣ್ಕ್."

ನಾನೂ ಬಿಡಲಿಲ್ಲ. "ಬ್ಯಾಟರಿ ಈಗ್ಲೂ ಬಿಸಿಲಂಗೆ ತುಂಬ್ತಾ ಇತ್ತಲೆ, ಅದ್ ಕೆಲ್ಸ ಅಲ್ದಾ?"

"ಅದ್ ಉಂಬುದ್. ಉಂಬುಕೆ ಅಡ್ಡಿಲ್ಲ, ದುಡೂಕಾಗ" ಎಂದಳು ಅಮ್ಮ.

ಪ್ರತಿ ಭಾನುವಾರ ನಾನು ಪಾಲಿಸುವ ನಿಯಮವೂ ಅದೇ. ಕೊನೆಯ ಆಸೆಯಿಂದ ನಮ್ಮ ಪುರೋಹಿತ ಭಟ್ಟರಿಗೆ ಫೋನ್ ಮಾಡಿದೆ. ಪೂಜೆಗೆಂದು ಸಾಲುಗಟ್ಟಿ ನಿಂತ ಲಾರಿಗಳ ನಡುವಿನಿಂದ ಅವರು, "ಬ್ಯಾಟರಿ ವಿಷ್ಯ ಶಾಸ್ತ್ರದಂಗೆ ಇಲ್ಲ, ನಿಮ್ಮ ಅಮ್ಮ ಹೇಳದ್ದೇ ಶಾಸ್ತ್ರ" ಎಂದು ಫೋನ್ ಇಟ್ಟರು. ಸರಳಾ ಸೀರೆಯ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಎಷ್ಟಾದರೂ ಅಣ್ಣನ ತಂಗಿ.

ಶೇಕಡಾ ಹದಿನಾರರಲ್ಲಿ ನಿಂಬೆಹಣ್ಣು ಮೆಟ್ಟಿ ಹೊರಟೆವು. ಎ.ಸಿ. ಬಂದ್, ಹಾಡು ಬಂದ್. ಕುಂದಾಪುರ ದಾಟಿದ ಮೇಲೆ ಹೆದ್ದಾರಿಯ ಪಕ್ಕ ಕಾರು ಚಾರ್ಜ್ ಮಾಡುವ ಜಾಗವೊಂದಿದೆ. ನೋಡಿದರೆ ಆ ಯಂತ್ರದ ಎರಡೂ ಬದಿಗೆ ಬಾಳೆಗಿಡ ಕಟ್ಟಿ, ಮಾಲೆ ಹಾಕಿ, ಗೇಟಿಗೆ ಬೀಗ ಜಡಿದು ಹೋಗಿದ್ದರು. ಅವರಿಗೂ ಒಬ್ಬಳು ಅಮ್ಮ ಇರಬೇಕು. ತ್ರಾಸಿಯಲ್ಲಿ ಹೂ ಕಟ್ಟಿದ ಒಂದು ರಿಕ್ಷಾ ನಮ್ಮನ್ನು ಹಿಂದೆ ಹಾಕಿತು. ಮರವಂತೆಯಲ್ಲಿ ಜನರೆಲ್ಲ ಇಳಿದು ಸಮುದ್ರ ನೋಡುತ್ತಿದ್ದರೆ ನಾನು ಎಂಟು ಏಳಾದದ್ದನ್ನು ನೋಡುತ್ತಿದ್ದೆ. ಹಿಂದಿನ ಸೀಟಿನಿಂದ ಅಮ್ಮ, "ಸ್ವಲ್ಪ ಗಾಳಿ ಹಾಕ್ ಮಗಾ, ಸೆಕೆ" ಎಂದಳು. ಕಿಟಕಿಯ ಗಾಜು ಇಳಿಸಿದೆ.

ಭಾವನ ಅಂಗಳ ಮುಟ್ಟಿದಾಗ ಉಳಿದದ್ದು ಎರಡು. ಊಟ ಭರ್ಜರಿಯಾಗಿತ್ತು. ಭಾವ ದೊಡ್ಡ ಮನಸ್ಸಿನಿಂದ, "ಪ್ಲಗ್ ಇಲ್ಲಿತ್ತ್, ಕಾಣಿ" ಎಂದು ತೋರಿಸಿದರು. "ನಾ ಮುಟ್ಟುದಿಲ್ಲ" ಎಂದೆ, ಗತ್ತಿನಿಂದ. ಮುಟ್ಟಿ ಮಾಡುವುದಾದರೂ ಏನು, ಚಾರ್ಜರ್ ಬೀಜಾಡಿಯ ದೇವರ ಮುಂದೆ ಮಲಗಿತ್ತಲ್ಲ. ಸಂಜೆ ಅವರೇ ತಮ್ಮ ಡೀಸೆಲ್ ಕಾರಿನಲ್ಲಿ ನಮ್ಮನ್ನು ಮನೆಗೆ ಬಿಟ್ಟರು. ಎ.ಸಿ.ಯಲ್ಲಿ ಅಮ್ಮ ಸುಖವಾಗಿ ನಿದ್ದೆ ಮಾಡಿದಳು. ಮನೆಗೆ ಬಂದು ನೋಡಿದರೆ ಬ್ಯಾಟರಿ ಭರ್ತಿ ನೂರು.

ಮರುದಿನ ಬೆಳಿಗ್ಗೆ ಅಮ್ಮ ಚಾರ್ಜರನ್ನು ತಾನೇ ಎತ್ತಿ, ಹೂ ಸಮೇತ ಪ್ರಸಾದದಂತೆ ನನ್ನ ಕೈಗಿಟ್ಟಳು. ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಜೂರಿನ ಮೇಲೆ ಹೋಗುವ ಬೈಂದೂರು ಬಸ್ಸಿನಲ್ಲಿ ಕುಳಿತೆ.

"ಹ್ವಾಯ್, ಎಂತ ಅದ್?" ಎಂದ ಕಂಡಕ್ಟರ್.

"ಕಾರಿನ ಚಾರ್ಜರ್."

"ಕಾರ್?"

"ಬಿಜೂರಂಗ್ ಇತ್ತ್."

ಅವನು ಪಕ್ಕದಲ್ಲಿದ್ದ ಮೀನು ಮಾರುವ ಹೆಂಗಸಿಗೆ, "ಅಕ್ಕ, ಸ್ವಲ್ಪ ಸರಿನಿ, ಇವ್ರ್ ಆರಾಮ ಕೂಕಣ್ಲಿ" ಎಂದ. ಆ ದನಿಯಲ್ಲಿದ್ದ ಕನಿಕರವನ್ನು ನಾನು ಈ ಜನ್ಮದಲ್ಲಿ ಮರೆಯಲಾರೆ.

ಬಿಜೂರಿನಲ್ಲಿ ಭಾವ ಡೀಸೆಲ್ ಕಾರನ್ನು ತೊಳೆದು, ಅದರ ಮುಂದೆ ಚಾಪೆ ಹಾಸಿ ಕಾದಿದ್ದರು. ಅಕ್ಕಪಕ್ಕದ ಮನೆಯವರೂ ಬೇಲಿಯ ಬದಿಗೆ ಬಂದಿದ್ದರು. ಪ್ಲಗ್ ಮುಟ್ಟದೆ ಬೇರೆ ದಾರಿಯೇ ಇರಲಿಲ್ಲ. ಕೊಟ್ಟ ಮಾತಿಗೆ ತಪ್ಪಬಾರದೆಂದು ಪಂಚೆ ಸರಿಮಾಡಿಕೊಂಡು ಉದ್ದಕ್ಕೆ ಅಡ್ಡಬಿದ್ದೆ. ಎದ್ದು, ಮೈ ಕೊಡವಿಕೊಂಡು, ಚಾರ್ಜರ್ ಚುಚ್ಚಿದೆ. ದೀಪ ಹತ್ತಲಿಲ್ಲ. ತೆಗೆದು ಮತ್ತೆ ಚುಚ್ಚಿದೆ. ಇಲ್ಲ.

"ಕರೆಂಟ್ ಬೆಳಿಗ್ಗೆಯೇ ಹೋಯ್ತ್ ಭಾವ" ಎಂದರು ಅವರು, ಚಾಪೆ ಸುತ್ತುತ್ತ. "ಮೊದ್ಲೇ ಹೇಳಿರೆ ನೀವ್ ಅಡ್ಡ ಬೀಳ್ತಿರ್ಲಿಲ್ಲ ಅಲ್ದಾ?"

ಜಗಲಿಯಲ್ಲಿ ಕುಳಿತು ಕರೆಂಟಿಗೆ ಕಾಯುತ್ತಿರುವಾಗ ಅಮ್ಮನ ಫೋನ್ ಬಂತು. "ಮಗಾ, ಬ್ಯಾಟರಿ ನೂರ್ ಇತ್ತ್. ನೀ ಬಪ್ಪಲ್ಲಿವರಿಗೆ ಒಂದ್ ಫ್ಯಾನೂ ಹಾಕುದಿಲ್ಲ. ಮಂಡೆಬಿಸಿ ಮಾಡ್ಕಣ್ಬೇಡ." ಯಾರ ಹತ್ತಿರವೂ ಹೇಳಬೇಡಿ, ಅಷ್ಟೆಲ್ಲ ಮಾನ ಹೋದ ಮೇಲೂ ನೂರು ಎಂದು ಕೇಳಿ ನನಗೆ ಒಳಗೊಳಗೇ ಬಹಳ ಸಂತೋಷವಾಯಿತು.